ಬೇರೆಯವರ ಡಿಸ್ಟಿಲರಿಯಲ್ಲಿ ಇಳಿಸಿದ ಬರ್ಬನ್‌ಗೆ 140 ಡಾಲರ್ ಕೊಡಬಹುದಾ?

ಕೊಲಂಬಸ್_ಕನ್ನಡಿಗ:
ಎಲ್ಲರಿಗೂ ನಮಸ್ಕಾರ. ಬರ್ಬನ್, ಅಂದರೆ ಅಮೆರಿಕದ ಮೆಕ್ಕೆಜೋಳದ ವಿಸ್ಕಿ, ಅದನ್ನು ಬಲ್ಲವರ ಸಲಹೆ ಬೇಕು. ಮುಂದಿನ ತಿಂಗಳು ಊರಿಗೆ ಹೋಗುತ್ತಿದ್ದೇನೆ. ಮೈಸೂರಿನಲ್ಲಿ ನಮ್ಮ ಭಾವನಿಗೆ ಅರವತ್ತು ತುಂಬುತ್ತದೆ. ಸ್ಕಾಚ್ ಅವರಿಗೆ ಎಲ್ಲರೂ ತಂದು ಕೊಡುತ್ತಾರೆ, ಅದಕ್ಕೆ ಈ ಸಲ ಒಂದು ಒಳ್ಳೆಯ ಬರ್ಬನ್ ಒಯ್ಯೋಣ ಅಂತ. ಇಲ್ಲಿ ಒಹಾಯೋದ ಅಂಗಡಿಯಲ್ಲಿ ಬಾರ್ಡ್ಸ್‌ಟೌನ್ ಬರ್ಬನ್ ಕಂಪನಿಯ ಡಿಸ್ಕವರಿ ಸೀರೀಸ್ ಕಣ್ಣಿಗೆ ಬಿತ್ತು. ಬೆಲೆ ಹತ್ತಿರ ಹತ್ತಿರ 140 ಡಾಲರ್. ಲೇಬಲ್ ಓದಿದರೆ ಬೇರೆ ಬೇರೆ ಡಿಸ್ಟಿಲರಿಗಳಿಂದ ಕೊಂಡ ಹಳೇ ಬ್ಯಾರಲ್‌ಗಳ ಬ್ಲೆಂಡ್ ಅಂತಿದೆ. ಆ ಕಂಪನಿಗೆ ಸ್ವಂತ ಡಿಸ್ಟಿಲರಿ ಇದೆ, ಅದೂ ದೊಡ್ಡದು. ಹಾಗಿದ್ದರೂ ಹೊರಗಿನಿಂದ ಕೊಂಡ ಮಾಲನ್ನು ಇಷ್ಟು ದುಡ್ಡಿಗೆ ಮಾರುತ್ತಾರೆ ಅಂದರೆ ಏನು ಅರ್ಥ? ಇಂಥ ಸೋರ್ಸ್ಡ್ ಬಾಟಲಿಗೆ ಅಷ್ಟು ದುಡ್ಡು ಸುರಿಯಬಹುದಾ, ಇಲ್ಲ ಅರ್ಧ ಬೆಲೆಗೆ ಇನ್ನೂ ಒಳ್ಳೆಯದು ಸಿಗುತ್ತದಾ?

ಮಂಡ್ಯದ_ಮಗ:
ಬೇಡ. ವೈಲ್ಡ್ ಟರ್ಕಿ 101 ತಗೊಳ್ಳಿ. 25 ಡಾಲರ್. ಮಿಕ್ಕ ದುಡ್ಡಲ್ಲಿ ಭಾವನಿಗೆ ರೇಷ್ಮೆ ಪಂಚೆ ಕೊಡಿಸಿ.

ಶಿವಮೊಗ್ಗ_ಟು_ಲೂಯಿವಿಲ್:
ಮಂಡ್ಯದವರೇ, ದಿನಾ ಕುಡಿಯೋಕೆ 101 ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಅವರು ಕೇಳಿದ್ದು ಅದಲ್ಲ. ಅರವತ್ತು ತುಂಬಿದವರಿಗೆ ಕೊಡೋ ಬಾಟಲಿ.

ನಾನು ಕೆಂಟಕಿಯಲ್ಲೇ ಇದ್ದೇನೆ, ಸ್ವಲ್ಪ ಉದ್ದ ಬರೆಯುತ್ತೇನೆ. ಸೋರ್ಸ್ಡ್ ಅಂದ ತಕ್ಷಣ ಮೋಸ ಅಂತ ಅಂದುಕೊಳ್ಳಬೇಡಿ. ಜನ ಸಾವಿರಾರು ಡಾಲರ್ ಕೊಟ್ಟು ಹುಡುಕೋ ಪ್ಯಾಪಿ ವ್ಯಾನ್ ವಿಂಕಲ್ ಇದೆಯಲ್ಲ, ಅದರ ಕಥೆ ನೋಡಿ. ಆ ಮನೆತನ ತಮ್ಮ ಸ್ಟಿಟ್ಜೆಲ್-ವೆಲರ್ ಡಿಸ್ಟಿಲರಿಯನ್ನು 1972ರಲ್ಲೇ ಮಾರಿಬಿಟ್ಟರು. ಆಮೇಲೆ ಬೇರೆಯವರ ಹತ್ತಿರ ಇದ್ದ ವಿಸ್ಕಿ ಕೊಂಡು, ಬಾಟಲಿಗೆ ತುಂಬಿ ಮಾರಿದರು. 2002ರಲ್ಲಿ ಬಫಲೋ ಟ್ರೇಸ್ ಡಿಸ್ಟಿಲರಿ ಜೊತೆ ಕೈಜೋಡಿಸಿದರು. ಅಂದರೆ ಅದರ ಹೆಸರು ಬೆಳೆದದ್ದೇ ಕೊಂಡ ವಿಸ್ಕಿಯಿಂದ. ಬುಲೈಟ್ ಅನ್ನೋ ಬ್ರ್ಯಾಂಡ್ ಎಷ್ಟೋ ವರ್ಷ ಫೋರ್ ರೋಸಸ್ ಡಿಸ್ಟಿಲರಿಯ ಮಾಲು. ಯಾರು ಇಳಿಸಿದರು ಅನ್ನೋದಕ್ಕಿಂತ ಯಾವ ಬ್ಯಾರಲ್ ಆರಿಸಿದರು, ಎಷ್ಟು ವರ್ಷ ಇಟ್ಟರು, ಹೇಗೆ ಬೆರೆಸಿದರು ಅನ್ನೋದೇ ನಾಲಿಗೆಗೆ ಗೊತ್ತಾಗೋದು.

ಇನ್ನು ನೀವು ಹೇಳಿದ ಬಾಟಲಿ. ಬಾರ್ಡ್ಸ್‌ಟೌನ್ ಡಿಸ್ಟಿಲರಿ ಶುರುವಾದದ್ದು 2016ರಲ್ಲಿ. ಅವರ ಸ್ವಂತ ವಿಸ್ಕಿಗೆ ಇನ್ನೂ ಅಷ್ಟು ವಯಸ್ಸಾಗಿಲ್ಲ. ಹನ್ನೆರಡು ಹದಿನೈದು ವರ್ಷದ ವಿಸ್ಕಿ ಬೇಕು ಅಂದರೆ ಅವರು ಕೊಳ್ಳಲೇಬೇಕು. ಅದರಲ್ಲಿ ಅನುಮಾನ ಪಡೋ ವಿಷಯ ಏನೂ ಇಲ್ಲ.

ತುಂಗಾತೀರ:
+1. ಡಿಸ್ಕವರಿ ಲೇಬಲ್ ಇಡೀ ಓದಿ ಸಾರ್. ಯಾವ ರಾಜ್ಯದ ವಿಸ್ಕಿ, ಎಷ್ಟು ವರ್ಷದ್ದು, ಶೇಕಡಾ ಎಷ್ಟು, ಯಾವ ಧಾನ್ಯ ಎಷ್ಟು, ಎಲ್ಲಾ ಹಾಕಿರುತ್ತಾರೆ. ಇಷ್ಟು ಬಿಚ್ಚಿ ಹೇಳುವವರು ಕಡಿಮೆ.

ರಾಗಿಮುದ್ದೆ_ನ್ಯೂಜೆರ್ಸಿ:
ಲೇಬಲ್ ಚೆನ್ನಾಗಿದ್ದರೆ ರುಚಿ ಬರುತ್ತದಾ? ಎಲ್ಲರೂ ಅದೇ ಇಂಡಿಯಾನಾ ಫ್ಯಾಕ್ಟರಿಯಿಂದ ಕೊಂಡು ತಮ್ಮ ತಮ್ಮ ಹೆಸರು ಅಂಟಿಸುತ್ತಾರೆ. ಲೇಬಲ್ ಮೇಲೆ ಅಜ್ಜನ ಕಾಲದ ರೆಸಿಪಿ, ಬೆಟ್ಟದ ನೀರು, ಕುದುರೆ, ಗನ್. ಒಳಗೆ ಮಾಲು ಒಂದೇ. ನಾನು ಒಂದು ಬ್ರ್ಯಾಂಡಿನ ಬಾಟಲಿಗೆ 90 ಡಾಲರ್ ಕೊಟ್ಟೆ. ಮುಂದಿನ ಪಾರ್ಟಿಯಲ್ಲಿ ಸ್ನೇಹಿತ ತಂದ 40 ಡಾಲರ್ ಬಾಟಲಿ, ಅದೇ ಊರಿನ ಡಿಸ್ಟಿಲರಿಯದ್ದು, ಅದಕ್ಕಿಂತ ಚೆನ್ನಾಗಿತ್ತು. ಹೊಟ್ಟೆ ಉರಿಯುತ್ತದೆ ಸಾರ್.

ಸಿನ್ಸಿನಾಟಿ_ಗೌಡ:
ಆ ಇಂಡಿಯಾನಾ ಫ್ಯಾಕ್ಟರಿ ಲಾರೆನ್ಸ್‌ಬರ್ಗ್‌ನಲ್ಲಿ ಇರೋದು, ನಮ್ಮ ಮನೆಯಿಂದ ಅರ್ಧ ಗಂಟೆ ದಾರಿ. ಅದನ್ನು ಬರೀ ಫ್ಯಾಕ್ಟರಿ ಅಂತ ತಳ್ಳಿಹಾಕಬೇಡಿ. 1847ರಿಂದ ಇರೋ ಜಾಗ. 1933ರಲ್ಲಿ ಸೀಗ್ರಾಮ್ಸ್ ಕೊಂಡರು. ಆಮೇಲೆ ಕೈ ಬದಲಾಗುತ್ತಾ ಬಂದು 2011ರಲ್ಲಿ ಎಂಜಿಪಿ ಅನ್ನೋ ಕಂಪನಿಗೆ ಸೇರಿತು. 2021ರಲ್ಲಿ ರಾಸ್ ಅಂಡ್ ಸ್ಕ್ವಿಬ್ ಅಂತ ಹೆಸರು ಇಟ್ಟಿದ್ದಾರೆ. ಅಲ್ಲಿ ಬರ್ಬನ್‌ಗೆ ಮುಖ್ಯವಾಗಿ ಎರಡು ರೆಸಿಪಿ. ಒಂದರಲ್ಲಿ ರೈ (ಗೋಧಿಯ ಥರದ ಒಂದು ಧಾನ್ಯ) ಶೇ. 21, ಇನ್ನೊಂದರಲ್ಲಿ ಶೇ. 36. ಇದಲ್ಲದೆ ಶೇ. 95 ರೈ ಇರೋ ರೈ ವಿಸ್ಕಿ. ಅರ್ಧ ಅಮೆರಿಕದ ಬ್ರ್ಯಾಂಡ್‌ಗಳು ಇದರ ಮೇಲೆ ನಿಂತಿವೆ ಅಂದರೆ ಮಾಲು ಚೆನ್ನಾಗಿದೆ ಅಂತಲೇ ಅಲ್ವಾ?

ಮತ್ತೆ ರೆಸಿಪಿ ಒಂದೇ ಆದರೂ ಬ್ಯಾರಲ್ ಒಂದೇ ಅಲ್ಲ. 4 ವರ್ಷದ ಬ್ಯಾರಲ್ಲೂ ಇದೆ, 12 ವರ್ಷದ್ದೂ ಇದೆ. ಗೋದಾಮಿನ ಮೇಲಿನ ಅಂತಸ್ತಿನ ಬಿಸಿಯಲ್ಲಿ ಇಟ್ಟದ್ದು ಬೇರೆ ರುಚಿ, ಕೆಳಗೆ ತಣ್ಣಗೆ ಇಟ್ಟದ್ದು ಬೇರೆ ರುಚಿ. ನಿಮ್ಮ 90 ಡಾಲರ್ ಬಾಟಲಿಯಲ್ಲಿ ವಯಸ್ಸು ಬರೆದಿತ್ತಾ?

ರಾಗಿಮುದ್ದೆ_ನ್ಯೂಜೆರ್ಸಿ:
ಇರಲಿಲ್ಲ.

ಸಿನ್ಸಿನಾಟಿ_ಗೌಡ:
ಹಾಗಾದರೆ ಅದೇ ವಿಷಯ. ಲೇಬಲ್ ಮೇಲೆ ಸ್ಟ್ರೇಟ್ ಬರ್ಬನ್ ಅಂತ ಇದ್ದರೆ ಕನಿಷ್ಠ 2 ವರ್ಷ. 4 ವರ್ಷಕ್ಕಿಂತ ಕಡಿಮೆ ಇದ್ದರೆ ವಯಸ್ಸು ಬರೆಯಲೇಬೇಕು. ಬರೆದಿಲ್ಲ ಅಂದರೆ 4 ದಾಟಿದೆ ಅಷ್ಟೇ. 4 ವರ್ಷದ ವಿಸ್ಕಿಗೆ 90 ಡಾಲರ್ ಯಾರೇ ಕೇಳಿದರೂ ಜಾಸ್ತಿ, ಅದನ್ನು ಇಳಿಸಿದವರೇ ಕೇಳಿದರೂ ಜಾಸ್ತಿ. ಸೋರ್ಸ್ಡ್ ಅನ್ನೋದರ ಮೇಲೆ ಸಿಟ್ಟಾಗಬೇಡಿ. ವಯಸ್ಸು ಮುಚ್ಚಿಟ್ಟು ಬೆಲೆ ಏರಿಸುವವರ ಮೇಲೆ ಸಿಟ್ಟಾಗಿ.

ಜಯನಗರ_4ನೇ_ಬ್ಲಾಕ್:
ಬೆಂಗಳೂರಿನಲ್ಲಿ ನಾವು ಕಾಫಿಪುಡಿ ಅಂಗಡಿಗೆ ಹೋದಾಗ ನಿಮ್ಮದು ಸ್ವಂತ ತೋಟ ಇದೆಯಾ ಅಂತ ಕೇಳುತ್ತೇವಾ? ಚಿಕ್ಕಮಗಳೂರಿಂದಲೋ ಕೊಡಗಿಂದಲೋ ಬೀಜ ತರಿಸಿ, ಹದವಾಗಿ ಹುರಿದು, ಸರಿಯಾಗಿ ಬೆರೆಸಿ ಕೊಟ್ಟರೆ ಸಾಕು. ಬೆರೆಸೋದೂ ಒಂದು ಕೆಲಸವೇ.

ಮಂಡ್ಯದ_ಮಗ:
ಕಾಫಿಪುಡಿಯವರು ಕಿಲೋಗೆ ಹತ್ತು ಪಟ್ಟು ಕೇಳಲ್ಲ ಗುರುಗಳೇ.

ಅಡಿಕೆಮರ:
ಬೆರೆಸೋದು ಕೆಲಸ ಅನ್ನೋದು ಸರಿ. ಬ್ಯಾರೆಲ್ ಕ್ರಾಫ್ಟ್ ಸ್ಪಿರಿಟ್ಸ್ ನೋಡಿ. ಲೂಯಿವಿಲ್‌ನವರು, ಶುರುವಾದದ್ದು 2013ರಲ್ಲಿ. ಬ್ಲೆಂಡ್ ಮಾಡೋದೇ ತಮ್ಮ ಕಸುಬು ಅಂತ ಮೊದಲಿಂದ ಬಾಯಿಬಿಟ್ಟು ಹೇಳಿದರು. ಕೆಂಟಕಿ, ಟೆನೆಸಿ, ಇಂಡಿಯಾನಾ ಮೂರೂ ಕಡೆಯ ಬ್ಯಾರಲ್ ಸೇರಿಸಿ, ನೀರು ಬೆರೆಸದೆ ಬ್ಯಾರಲ್‌ನಿಂದ ಬಂದ ಹಾಗೇ ತುಂಬುತ್ತಾರೆ. ಅವರ ನಂಬರ್ ಹಾಕಿದ ಬ್ಯಾಚ್‌ಗಳು 90 ಡಾಲರ್ ಆಸುಪಾಸು. ಕೆಲವು ಬ್ಯಾಚ್ ಅಂತೂ ಒಂದು ಗುಟುಕಿನಲ್ಲೇ ಬೆಲ್ಲ, ಚೆರ್ರಿ, ಕೊನೆಗೆ ಲವಂಗ. ಒಂದೇ ಡಿಸ್ಟಿಲರಿಯ ಬಾಟಲಿಯಲ್ಲಿ ಇಷ್ಟು ಬಗೆ ನನಗೆ ಸಿಕ್ಕಿಲ್ಲ. ಆದರೆ ಅವರದ್ದೇ ಮೇಲಿನ ದರ್ಜೆಯ ಬಾಟಲಿಗಳು ನೂರಾರು ಡಾಲರ್ ಏರುತ್ತವೆ. ಅಲ್ಲಿಗೆ ನಾನು ಹೋಗುವುದಿಲ್ಲ. ಬೆಲೆ ದುಪ್ಪಟ್ಟು ಮುಪ್ಪಟ್ಟು ಆದ ಹಾಗೆ ರುಚಿ ಏರುವುದಿಲ್ಲ.

ಹುಬ್ಬಳ್ಳಿ_ಮಂದಿ:
ಟೆನೆಸಿ ಹಳೇ ಬ್ಯಾರಲ್ ಅಂದರೆ ಬಹುಪಾಲು ಜಾರ್ಜ್ ಡಿಕೆಲ್ ಡಿಸ್ಟಿಲರಿಯದ್ದು ಅಂತ ಎಲ್ಲರೂ ಊಹಿಸುತ್ತಾರೆ ಅಲ್ರೀ. ಆ ಡಿಕೆಲ್‌ನವರೇ 2019ರಲ್ಲಿ 13 ವರ್ಷದ ಬಾಟಲ್ಡ್ ಇನ್ ಬಾಂಡ್ (ಒಂದೇ ಡಿಸ್ಟಿಲರಿಯದ್ದು ಅಂತ ಕಾನೂನು ಪ್ರಕಾರ ಗ್ಯಾರಂಟಿ ಇರೋ ವಿಸ್ಕಿ) ತಂದಾಗ ಬೆಲೆ ಎಷ್ಟಿತ್ತು ಗೊತ್ತೇನು? 36 ಡಾಲರ್! ಆ ವರ್ಷ ವಿಸ್ಕಿ ಅಡ್ವೊಕೇಟ್ ಪತ್ರಿಕೆ ಅದನ್ನೇ ವರ್ಷದ ವಿಸ್ಕಿ ಅಂತ ಆರಿಸಿತು. 13 ವರ್ಷ, 100 ಪ್ರೂಫ್ (ಅಂದರೆ ಶೇ. 50 ಆಲ್ಕೋಹಾಲ್), 36 ಡಾಲರ್. ಈಗ ಹೇಳ್ರಿ, ನಡುವಿನವರಿಗೆ ನೂರು ಡಾಲರ್ ಯಾಕೆ ಕೊಡಬೇಕು?

ಕಾವೇರಿ_ಡೇಟನ್:
ಹುಬ್ಬಳ್ಳಿಯವರ ಮಾತಿಗೆ ನನ್ನ ಪೂರ್ತಿ ಬೆಂಬಲ. ಡಿಕೆಲ್ ರುಚಿಯಲ್ಲಿ ಒಂಥರಾ ವಿಟಮಿನ್ ಮಾತ್ರೆಯ ವಾಸನೆ ಬರುತ್ತದೆ ಅಂತ ಕೆಲವರಿಗೆ ಆಗಿಬರುವುದಿಲ್ಲ, ಅದೊಂದು ಗಮನದಲ್ಲಿರಲಿ. ನಮ್ಮ ಮನೆಯವರು ಮುಟ್ಟುವುದಿಲ್ಲ, ನನಗೆ ಇಷ್ಟ.

ಶಿವಮೊಗ್ಗ_ಟು_ಲೂಯಿವಿಲ್:
ಬೆಲೆ ಯಾಕೆ ಏರುತ್ತದೆ ಅನ್ನೋದಕ್ಕೆ ಲೆಕ್ಕ ಹೇಳುತ್ತೇನೆ, ಯಾಕಂದರೆ ಇದು ಬರೀ ದುರಾಸೆ ಅಲ್ಲ. ಒಂದು ಬ್ಯಾರಲ್ 53 ಗ್ಯಾಲನ್, ನಮ್ಮ ಲೆಕ್ಕದಲ್ಲಿ 200 ಲೀಟರ್. ಕೆಂಟಕಿ ಹವೆಯಲ್ಲಿ ವರ್ಷಕ್ಕೆ ಶೇ. 4ರ ಹತ್ತಿರ ಆವಿಯಾಗಿ ಹೋಗುತ್ತದೆ. 15 ವರ್ಷ ಬಿಟ್ಟರೆ ಹತ್ತಿರ ಹತ್ತಿರ ಅರ್ಧ ಖಾಲಿ. ಅಷ್ಟೂ ವರ್ಷ ಗೋದಾಮಿನ ಖರ್ಚು, ಹಾಕಿದ ಬಂಡವಾಳಕ್ಕೆ ಬಡ್ಡಿ. ಮೇಲೆ ಕೆಂಟಕಿಯಲ್ಲಿ ಮಲಗಿರೋ ಪ್ರತಿ ಬ್ಯಾರಲ್ ಮೇಲೂ ಪ್ರತಿ ವರ್ಷ ತೆರಿಗೆ. ಅದನ್ನು ಈಗ ಹಂತ ಹಂತವಾಗಿ ತೆಗೆಯುತ್ತಿದ್ದಾರೆ, ಪೂರ್ತಿ ಹೋಗೋದು 2043ಕ್ಕೆ. ಸ್ವಂತ ಡಿಸ್ಟಿಲರಿ ಇದ್ದವನು ಈ ಖರ್ಚನ್ನು ಕಾಲಕಾಲಕ್ಕೆ ಹಂಚಿಕೊಂಡು ಬಂದಿರುತ್ತಾನೆ. ಕೊಳ್ಳುವವನು ಎಲ್ಲವನ್ನೂ ಒಂದೇ ಸಲ ಕೊಡಬೇಕು, ಜೊತೆಗೆ ಮಾರುವವನ ಲಾಭ. ಅದಕ್ಕೇ ಒಂದೇ ವಯಸ್ಸಿನ ಎರಡು ಬಾಟಲಿಯಲ್ಲಿ ಸೋರ್ಸ್ಡ್ ಸಾಮಾನ್ಯವಾಗಿ ದುಬಾರಿ. ಈ ಹೆಚ್ಚಿನ ದುಡ್ಡಿಗೆ ಬದಲಾಗಿ ಬ್ಲೆಂಡರ್ ಏನಾದರೂ ಹೊಸದು ಕೊಟ್ಟಿದ್ದಾನಾ ಅನ್ನೋದಷ್ಟೇ ಪ್ರಶ್ನೆ. ಕೊಟ್ಟಿದ್ದರೆ ಕೊಳ್ಳಿ. ಸುಮ್ನೆ ಹೆಸರು ಬದಲಿಸಿದ್ದರೆ ಬಿಟ್ಟುಬಿಡಿ.

ಮೈಸೂರ್_ಪಾಕ್:
15 ವರ್ಷಕ್ಕೆ ಅರ್ಧ ಹೋಯಿತು ಅಂತೀರಿ, ನಮ್ಮ ಬೆಂಗಳೂರಿನ ಅಮೃತ್‌ನವರ ಪಾಡು ನೋಡಿ. ಕಂಬೀಪುರದ ಬಿಸಿಲಿಗೆ ವರ್ಷಕ್ಕೆ ಶೇ. 10ರಿಂದ 12 ಆವಿ. ಅಲ್ಲಿ 8 ವರ್ಷ ಉಳಿಸೋದೇ ದೊಡ್ಡ ಸಾಹಸ. ಮತ್ತೆ ಒಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಬರ್ಬನ್‌ಗೆ ಕಾನೂನು ಪ್ರಕಾರ ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯೇ ಬೇಕು. ಒಂದು ಸಲ ಬಳಸಿದ್ದನ್ನು ಮತ್ತೆ ಬರ್ಬನ್‌ಗೆ ಬಳಸೋ ಹಾಗಿಲ್ಲ. ಹಾಗೆ ಖಾಲಿಯಾದ ಪೀಪಾಯಿಗಳು ಸ್ಕಾಟ್ಲೆಂಡಿಗೆ ಹೋಗುತ್ತವೆ, ಅಮೃತ್‌ಗೂ ಬರುತ್ತವೆ. ಭಾವನವರು ಅಮೃತ್ ಕುಡಿದಿದ್ದರೆ ಬರ್ಬನ್ ವಾಸನೆ ಅವರಿಗೆ ಆಗಲೇ ಪರಿಚಯ.

ಜಯನಗರ_4ನೇ_ಬ್ಲಾಕ್:
ಅಮೃತ್ ಫ್ಯೂಷನ್ ಬಿಡಿ, ಅದರ ಮುಂದೆ ಯಾವ ಬರ್ಬನ್ ನಿಲ್ಲುತ್ತೆ!

ಹುಬ್ಬಳ್ಳಿ_ಮಂದಿ:
ಅದು ಬಾರ್ಲಿ, ಇದು ಮೆಕ್ಕೆಜೋಳ. ಎರಡನ್ನೂ ಜೋಡಿಸಿ ನೋಡೋದೇ ಸರಿ ಅಲ್ಲ. ಬರ್ಬನ್‌ನಲ್ಲಿ ಕನಿಷ್ಠ ಶೇ. 51 ಮೆಕ್ಕೆಜೋಳ ಇರಬೇಕು, ಆ ಸಿಹಿ ಬೇರೆ ಥರ.

ಮಂಡ್ಯದ_ಮಗ:
ಜಾನ್ ಡಿಸ್ಟಿಲರೀಸ್ ಕೂಡ ಬೆಂಗಳೂರಿನದೇ, ಪಾಲ್ ಜಾನ್ ಮಾಡುವವರು. ಬಫಲೋ ಟ್ರೇಸ್ ಇಟ್ಟುಕೊಂಡಿರೋ ಸ್ಯಾಜರಾಕ್ ಕಂಪನಿ 2017ರಲ್ಲಿ ಅದರಲ್ಲಿ ಪಾಲು ತಗೊಂಡಿತು. ನಮ್ಮೂರಿಗೂ ಕೆಂಟಕಿಗೂ ನಂಟು ಇದೆ ಅಂತ ಹೇಳಿದೆ ಅಷ್ಟೇ.

ಕೊಲಂಬಸ್_ಕನ್ನಡಿಗ:
ಬಹಳ ಉಪಯೋಗ ಆಗುತ್ತಿದೆ, ಎಲ್ಲರಿಗೂ ಧನ್ಯವಾದ. ಒಂದು ಪ್ರಶ್ನೆ. ಅಂಗಡಿಯಲ್ಲಿ ನಿಂತಾಗ ಇದು ಸೋರ್ಸ್ಡ್ ಅಂತ ಗೊತ್ತಾಗೋದು ಹೇಗೆ? ಡಿಸ್ಕವರಿ ಥರ ಎಲ್ಲರೂ ಬರೆಯುವುದಿಲ್ಲವಲ್ಲ.

ತುಂಗಾತೀರ:
ಹಿಂದಿನ ಲೇಬಲ್ ತಿರುಗಿಸಿ. ಸಣ್ಣ ಅಕ್ಷರದಲ್ಲಿ "ಡಿಸ್ಟಿಲ್ಡ್ ಬೈ" ಅಂತ ಕಂಪನಿ ಹೆಸರು ಇದ್ದರೆ ಅವರೇ ಇಳಿಸಿದ್ದು. "ಬಾಟಲ್ಡ್ ಬೈ" ಅಥವಾ "ಪ್ರೊಡ್ಯೂಸ್ಡ್ ಬೈ" ಅಂತ ಮಾತ್ರ ಇದ್ದರೆ ಅನುಮಾನ ಪಡಿ. ಕಂಪನಿ ಇರೋ ರಾಜ್ಯ ಒಂದು, ಇಳಿಸಿದ ರಾಜ್ಯ ಇನ್ನೊಂದು ಆಗಿದ್ದರೆ ಇಳಿಸಿದ ರಾಜ್ಯದ ಹೆಸರು ಹಾಕಲೇಬೇಕು ಅಂತ ನಿಯಮ ಇದೆ. ಕಂಪನಿ ವಿಳಾಸ ಎಲ್ಲೋ ಇದ್ದು "ಡಿಸ್ಟಿಲ್ಡ್ ಇನ್ ಇಂಡಿಯಾನಾ" ಅಂತಿದ್ದರೆ ಬಹುತೇಕ ಎಂಜಿಪಿ.

ಮತ್ತೆ ಬಾಟಲ್ಡ್ ಇನ್ ಬಾಂಡ್ ಅಂತ ಇದ್ದರೆ ಇನ್ನೂ ಸುಲಭ. 1897ರ ಕಾನೂನು ಅದು. ಒಂದೇ ಡಿಸ್ಟಿಲರಿ, ಒಂದೇ ಸೀಸನ್, ಕನಿಷ್ಠ 4 ವರ್ಷ, ಸರಿಯಾಗಿ 100 ಪ್ರೂಫ್. ಎಲ್ಲಿ ಇಳಿಸಿದ್ದು ಅಂತ ಲೇಬಲ್ ಹೇಳಲೇಬೇಕು. ಕಲಬೆರಕೆ ಮಾಡುವವರ ಕಾಟ ತಡೆಯಲಾರದೆ ಮಾಡಿದ ಕಾನೂನು, ಇವತ್ತಿಗೂ ಕೆಲಸಕ್ಕೆ ಬರುತ್ತದೆ.

ರಾಗಿಮುದ್ದೆ_ನ್ಯೂಜೆರ್ಸಿ:
ನಿಯಮ ಇದ್ದರೆ ಸಾಕಾ? ಟೆಂಪಲ್‌ಟನ್ ರೈ ಕೇಸ್ ನೆನಪಿದೆಯಾ? ಅಯೋವಾದ ಊರಿನ ಹೆಸರು, ಪಾನನಿಷೇಧ ಕಾಲದ ಕಥೆ, ಗ್ಯಾಂಗ್‌ಸ್ಟರ್ ಅಲ್ ಕಪೋನ್‌ಗೆ ಇಷ್ಟ ಅಂತ ಪ್ರಚಾರ. ಒಳಗಿದ್ದದ್ದು ಇಂಡಿಯಾನಾದಿಂದ ಬಂದ ರೈ. ಜನ ಕೋರ್ಟಿಗೆ ಹೋದರು. 2015ರಲ್ಲಿ ರಾಜಿ ಆಗಿ ಕೊಂಡವರಿಗೆ ದುಡ್ಡು ವಾಪಸ್ ಕೊಡೋಕೆ ಒಪ್ಪಿದರು, ಲೇಬಲ್ ಮೇಲೆ ಇಂಡಿಯಾನಾ ಅಂತ ಹಾಕಿದರು. ವಿಸ್ಕಿ ಕೆಟ್ಟದಾಗಿತ್ತು ಅಂತ ಯಾರೂ ಹೇಳಲಿಲ್ಲ. ಕಥೆ ಸುಳ್ಳು ಅಂತ ಸಿಟ್ಟು. ನನಗೂ ಅದೇ ಸಿಟ್ಟು. ನಾನು ದುಡಿದ ದುಡ್ಡು ಕೊಡುವಾಗ ನಿಜ ಹೇಳಿ ಅಂತ ಕೇಳೋದು ತಪ್ಪಾ?

ಅಡಿಕೆಮರ:
ತಪ್ಪಲ್ಲವೇ ಅಲ್ಲ. ಅದಕ್ಕೇ ಬಾರ್ಡ್ಸ್‌ಟೌನ್, ಬ್ಯಾರೆಲ್ ಕ್ರಾಫ್ಟ್, ವೆಸ್ಟ್ ವರ್ಜೀನಿಯಾದ ಸ್ಮೂತ್ ಆಂಬ್ಲರ್ ಥರ ಬಾಯಿಬಿಟ್ಟು ಹೇಳುವವರಿಗೆ ದುಡ್ಡು ಕೊಡಿ ಅಂತ ಹೇಳೋದು. ಮುಚ್ಚಿಡುವವರ ಬಾಟಲಿ ಶೆಲ್ಫ್ ಮೇಲೇ ಇರಲಿ.

ಸಿನ್ಸಿನಾಟಿ_ಗೌಡ:
ನನ್ನದು ಒಂದು ಅಭ್ಯಾಸ ಇದೆ. ದುಬಾರಿ ಸೋರ್ಸ್ಡ್ ಬಾಟಲಿ ಕೈಗೆ ತಗೊಂಡರೆ, ಆ ಮಾಲು ಇಳಿಸಿದ ಡಿಸ್ಟಿಲರಿ ತನ್ನ ಹೆಸರಲ್ಲಿ ಏನು ಮಾರುತ್ತದೆ ಅಂತ ನೋಡುತ್ತೇನೆ. ಎಂಜಿಪಿಯವರದ್ದೇ ರೀಮಸ್ ರಿಪೀಲ್ ರಿಸರ್ವ್ ವರ್ಷಕ್ಕೊಂದು ಸಲ ಬರುತ್ತದೆ. ಬೇರೆ ಬೇರೆ ವರ್ಷದ ಹಳೇ ಬ್ಯಾರಲ್‌ಗಳ ಬ್ಲೆಂಡ್, 100 ಪ್ರೂಫ್, 100 ಡಾಲರ್ ಆಸುಪಾಸು. ಯಾವ ವರ್ಷದ್ದು ಎಷ್ಟು ಅಂತಲೂ ಹೇಳುತ್ತಾರೆ. ಇಂಡಿಯಾನಾ ಬರ್ಬನ್‌ಗೆ 160, 180 ಕೇಳುವವರು ಮೊದಲು ಇದನ್ನು ಸೋಲಿಸಬೇಕು. ನಾನು ಕುಡಿದ ಮಟ್ಟಿಗೆ ಸೋಲಿಸಿದವರು ಕಡಿಮೆ.

ಆ ರೀಮಸ್ ನಮ್ಮ ಸಿನ್ಸಿನಾಟಿಯವನೇ, ಲಾಯರ್ ಆಗಿದ್ದು ಪಾನನಿಷೇಧದ ಕಾಲದಲ್ಲಿ ಕಳ್ಳ ಮದ್ಯದ ದೊರೆ ಆದವನು. 1927ರಲ್ಲಿ ಹೆಂಡತಿಯನ್ನು ಇಲ್ಲಿನ ಪಾರ್ಕಿನಲ್ಲಿ ಗುಂಡಿಟ್ಟು ಕೊಂದ. ಅಂಥವನ ಹೆಸರು ಬಾಟಲಿಗೆ ಯಾಕೆ ಇಟ್ಟರೋ, ನನಗೆ ಇಷ್ಟ ಆಗಲಿಲ್ಲ.

ಕಾವೇರಿ_ಡೇಟನ್:
ನನಗೂ. ಆ ಹೆಣ್ಣುಮಗಳ ಹೆಸರು ಇಮೋಜೀನ್. ಅವಳ ಹೆಸರು ಯಾರೂ ಹೇಳಲ್ಲ.

ವಿಷಯಕ್ಕೆ ಬರುತ್ತೇನೆ. ಕೊಲಂಬಸ್‌ನವರೇ, ನೀವು ಒಹಾಯೋದಲ್ಲಿ ಇರೋದು ಒಂದು ಅನುಕೂಲ. ಇಲ್ಲಿ ಬೆಲೆ ರಾಜ್ಯ ಸರ್ಕಾರ ನಿಗದಿ ಮಾಡುತ್ತದೆ, ಎಲ್ಲಾ ಅಂಗಡಿಯಲ್ಲೂ ಒಂದೇ. ಗಡಿ ದಾಟಿದರೆ ಅಂಗಡಿಯವನು ಬಾಯಿಗೆ ಬಂದಷ್ಟು ಕೇಳುತ್ತಾನೆ. ಇಲ್ಲಿ 75ರ ಆಸುಪಾಸಿನ ಎಲೈಜಾ ಕ್ರೇಗ್ ಬ್ಯಾರಲ್ ಪ್ರೂಫ್‌ಗೆ ಬೇರೆ ರಾಜ್ಯದ ಒಂದು ಅಂಗಡಿಯಲ್ಲಿ ದುಪ್ಪಟ್ಟು ಕೇಳಿದರು. ಹಾಗೆ ಆದಾಗ "ಈ ಬಾಟಲಿ ಇಷ್ಟಕ್ಕೆ ಯೋಗ್ಯವಾ" ಅನ್ನೋ ಪ್ರಶ್ನೆಯೇ ಬದಲಾಗುತ್ತದೆ ಅಲ್ವಾ?

ಮೈಸೂರ್_ಪಾಕ್:
ಎಲೈಜಾ ಕ್ರೇಗ್ ಬ್ಯಾರಲ್ ಪ್ರೂಫ್ ಭಾವನಿಗೆ ಬೇಡ. ಬಹಳ ಸಲ 120 ಪ್ರೂಫ್ ದಾಟುತ್ತದೆ, ಅಭ್ಯಾಸ ಇಲ್ಲದವರಿಗೆ ಗಂಟಲು ಸುಡುತ್ತದೆ. ನಾಬ್ ಕ್ರೀಕ್ 12 ವರ್ಷ ನೋಡಿ. 100 ಪ್ರೂಫ್, 70 ಡಾಲರ್ ಚಿಲ್ಲರೆ, ಜಿಮ್ ಬೀಮ್‌ನವರೇ ಇಳಿಸಿದ್ದು, ವಯಸ್ಸು ದೊಡ್ಡದಾಗಿ ಬರೆದಿದೆ. ಊರಲ್ಲಿ ಲೇಬಲ್ ಮೇಲೆ 12 ನೋಡಿದರೆ ಖುಷಿ ಪಡುತ್ತಾರೆ.

ಶಿವಮೊಗ್ಗ_ಟು_ಲೂಯಿವಿಲ್:
ಒಳ್ಳೆಯ ಸಲಹೆ. ಆದರೆ ಡಿಸ್ಕವರಿಯೂ 110 ಪ್ರೂಫ್ ಮೇಲೇ ಇರುತ್ತದೆ, ಎರಡು ಹನಿ ನೀರು ಹಾಕಿದರೆ ಮೆತ್ತಗಾಗಿ ವಾಸನೆ ಬಿಚ್ಚಿಕೊಳ್ಳುತ್ತದೆ. ಸ್ಕಾಚ್ ಬಲ್ಲವರಿಗೆ ಅದು ಹೇಳಿಕೊಡಬೇಕಿಲ್ಲ. ಇನ್ನೊಂದು, 15, 18 ವರ್ಷ ಅಂತ ಬೆನ್ನು ಹತ್ತಬೇಡಿ. ಹೊಸ ಮರದ ಪೀಪಾಯಿ ಆದ್ದರಿಂದ ಬರ್ಬನ್ ಬೇಗ ಒಗರಾಗುತ್ತದೆ. ಸ್ಕಾಚ್ ಲೆಕ್ಕ ಇಲ್ಲಿ ನಡೆಯೋದಿಲ್ಲ. ನನ್ನ ನಾಲಿಗೆಗೆ 9ರಿಂದ 13 ವರ್ಷದ್ದೇ ಹದ.

ಹುಬ್ಬಳ್ಳಿ_ಮಂದಿ:
ಮತ್ತೆ ಈಗ ಅವಸರ ಬೇಡ್ರಿ. ಕೆಂಟಕಿ ಗೋದಾಮುಗಳಲ್ಲಿ 1 ಕೋಟಿ 40 ಲಕ್ಷಕ್ಕಿಂತ ಜಾಸ್ತಿ ಬ್ಯಾರಲ್ ಬಿದ್ದಿವೆ. ಆ ರಾಜ್ಯದ ಜನರಿಗೆ ತಲೆಗೆ ಮೂರಕ್ಕಿಂತ ಜಾಸ್ತಿ. ಕುಡಿಯುವವರು ಕಡಿಮೆ ಆಗಿದ್ದಾರೆ. ಕೆಂಟಕಿ ಔಲ್ ನೋಡಿ, ಒಂದು ಕಾಲಕ್ಕೆ ಬಾಟಲಿಗೆ 300 ಡಾಲರ್ ಮೇಲೆ ಕೇಳಿದ ಸೋರ್ಸ್ಡ್ ಬ್ರ್ಯಾಂಡ್. 2024ರ ನವೆಂಬರ್‌ನಲ್ಲಿ ದಿವಾಳಿ ಅರ್ಜಿ ಹಾಕಿತು, ಮಾಲೀಕ ಕಂಪನಿಯ ಜೊತೆಗೇ. ಬ್ಯಾರಲ್ ಕೊಂಡು ಮಾರುವವರು ಈಗ ಕಷ್ಟದಲ್ಲಿದ್ದಾರೆ. 140ರ ಬಾಟಲಿಗೆ ಡಿಸ್ಕೌಂಟ್ ಬೋರ್ಡ್ ಬೀಳೋ ಕಾಲ ಇದು.

ರಾಗಿಮುದ್ದೆ_ನ್ಯೂಜೆರ್ಸಿ:
ಇದು ನಿಜ. ನಮ್ಮ ಕಡೆ ಆಗಲೇ ಕೆಲವು ದುಬಾರಿ ಬಾಟಲಿಗಳು ಶೆಲ್ಫಲ್ಲೇ ಧೂಳು ಹಿಡಿದಿವೆ. ಅವರು ಬೆಲೆ ಇಳಿಸುವ ತನಕ ನಾನಂತೂ ಮುಟ್ಟುವುದಿಲ್ಲ.

ಕೊಲಂಬಸ್_ಕನ್ನಡಿಗ:
ಎಲ್ಲಾ ಓದಿ ತೀರ್ಮಾನಕ್ಕೆ ಬಂದೆ. ಭಾವನಿಗೆ ನಾಬ್ ಕ್ರೀಕ್ 12. ಜೊತೆಗೆ ಡಿಸ್ಕವರಿಯೂ ಒಂದು, ಯಾಕಂದರೆ ಅವರು ಲೇಬಲ್ ಓದಿ ಪ್ರಶ್ನೆ ಕೇಳೋ ಮನುಷ್ಯ, ಆ ಲೇಬಲ್ಲಿನಲ್ಲಿ ಓದೋಕೆ ಬಹಳ ಇದೆ. ಎರಡೂ ಪಕ್ಕ ಪಕ್ಕ ಇಟ್ಟು ಕುಡಿದರೆ ಅವರೇ ಹೇಳುತ್ತಾರೆ. ಎರಡು ಬಾಟಲಿ ಒಯ್ಯಬಹುದು ತಾನೇ?

ತುಂಗಾತೀರ:
ಒಬ್ಬರಿಗೆ 2 ಲೀಟರ್ ತನಕ ಸುಂಕ ಇಲ್ಲ. 750 ಎಂಎಲ್ ಎರಡು ಅಂದರೆ ಒಂದೂವರೆ ಲೀಟರ್, ಚಿಂತೆ ಇಲ್ಲ. ಒಯ್ಯೋದೇ ಲಾಭ. 2025ರ ಫೆಬ್ರವರಿಯಲ್ಲಿ ಬರ್ಬನ್ ಮೇಲಿನ ಆಮದು ಸುಂಕ ಶೇ. 150ರಿಂದ 100ಕ್ಕೆ ಇಳಿದಿದ್ದರೂ ಅಲ್ಲಿನ ಅಂಗಡಿ ಬೆಲೆ ನೋಡಿದರೆ ತಲೆ ತಿರುಗುತ್ತದೆ. ಈ ಥರದ ಬಾಟಲಿ ಅಲ್ಲಿ ಸಿಗೋದೂ ಕಷ್ಟ.

ಕಾವೇರಿ_ಡೇಟನ್:
ಚೆಕ್-ಇನ್ ಬ್ಯಾಗಿನಲ್ಲೇ ಹಾಕಿ, ಸೀಲ್ ಒಡೆಯದೆ. 140 ಪ್ರೂಫ್ ಅಂದರೆ ಶೇ. 70 ದಾಟಿದ ಮದ್ಯವನ್ನು ವಿಮಾನದಲ್ಲಿ ಬಿಡುವುದಿಲ್ಲ, ನಿಮ್ಮ ಎರಡೂ ಅದಕ್ಕಿಂತ ಬಹಳ ಕೆಳಗಿವೆ. ಕಾರ್ಕ್ ಇರೋ ಬಾಟಲಿಯ ಮೂತಿಗೆ ಟೇಪ್ ಸುತ್ತಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಜೀನ್ಸ್ ಪ್ಯಾಂಟಿನ ಒಳಗೆ ತೂರಿಸಿ ಸೂಟ್‌ಕೇಸ್ ನಡುವೆ ಇಡಿ. ಮತ್ತೆ ಭಾವನಿಗೆ ಹೇಳಿ, ಬಾಟಲಿ ನಿಲ್ಲಿಸಿಯೇ ಇಡಬೇಕು, ಮಲಗಿಸಿದರೆ ಕಾರ್ಕ್ ಹಾಳಾಗುತ್ತದೆ.